ಬೆಲೆ ಇದ್ದ ವರ್ಷದ ಸಾಲ



ಕೆಲವು ದಿನಗಳ ಹಿಂದೆ ನಮ್ಮ ಸಂಘದ ಕಚೇರಿಗೆ ಸದಸ್ಯರೊಬ್ಬರು ಬಂದಿದ್ದರು. ಎರಡು ಎಕರೆ ರೋಬಸ್ಟಾ, ಒಂದೂಕಾಲು ಎಕರೆ ಅಡಿಕೆ ಇರುವವರು. ತೋಟದಲ್ಲಿ ಕಳೆ ಕಾಣಿಸದು, ಬಸಿಗಾಲುವೆ ಕಟ್ಟಿಕೊಂಡದ್ದನ್ನು ನಾವು ನೋಡಿಲ್ಲ. 2024-25ರ ಹಂಗಾಮಿನಲ್ಲಿ ಕಾಫಿಗೆ ಹಿಂದೆಂದೂ ಕಾಣದಂಥ ಬೆಲೆ ಬಂದಾಗ ಅವರೂ ಎಲ್ಲರಂತೆ ಮಾರಿ ಹಣ ಎಣಿಸಿಕೊಂಡವರೇ. ಈ ಸಲ ಅವರು ಬಂದದ್ದು ಹೆಂಡತಿಯ ಸರವನ್ನು ಅಡವಿಟ್ಟು ಗೊಬ್ಬರಕ್ಕೆ ಸಾಲ ಕೇಳುವುದಕ್ಕೆ. ನಾವು ಏನೂ ಕೇಳುವ ಮೊದಲೇ, "ಹಣ ಬಂದದ್ದು ನಿಜ ಮಾರಾಯ್ರೆ, ಹೋದದ್ದು ಎಲ್ಲಿಗೆ ಅಂತಲೇ ಗೊತ್ತಾಗಲಿಲ್ಲ" ಎಂದರು.

ಈ ಮಾತನ್ನು ಕೇಳಿ ನಮಗೆ ನಗು ಬರಲಿಲ್ಲ. ಏಕೆಂದರೆ ಇದೇ ಮಾತನ್ನು ನಾವೂ ಒಮ್ಮೆ ಆಡಿದ್ದೆವು.

ಬೆಲೆ ಬಿದ್ದಾಗ ಬೆಳೆಗಾರನಿಗೆ ಸಾಲವಾಗುತ್ತದೆ ಎಂಬುದು ಎಲ್ಲರೂ ಹೇಳುವ ಮಾತು. ಸಭೆಗಳಲ್ಲಿ ನಾವೂ ಹಾಗೆಯೇ ಭಾಷಣ ಮಾಡಿದ್ದೇವೆ. ಆದರೆ ಸಂಘದ ಸಾಲದ ಪುಸ್ತಕಗಳನ್ನು ಇಷ್ಟು ವರ್ಷ ತಿರುವಿ ಹಾಕಿದ ಮೇಲೆ ನಮಗೆ ಅನ್ನಿಸಿರುವುದು ಬೇರೆ. ಬೆಲೆ ಬಿದ್ದ ವರ್ಷ ಸಾಲ ಕಣ್ಣಿಗೆ ಕಾಣುತ್ತದೆ, ಅಷ್ಟೆ. ಅದು ಹುಟ್ಟುವುದು ಬೆಲೆ ಇದ್ದ ವರ್ಷ. ಕೈಯಲ್ಲಿ ಹಣ ಓಡಾಡುವಾಗ ಬೆಳೆಸಿಕೊಂಡ ಸಣ್ಣಪುಟ್ಟ ರೂಢಿಗಳು ಹಣ ನಿಂತ ಮೇಲೂ ನಿಲ್ಲುವುದಿಲ್ಲ. ಆದುದರಿಂದ ಮಿತವ್ಯಯದ ವಿಚಾರವನ್ನು ಧಾರಣೆ ಇಳಿದ ಮೇಲೆ ಪ್ರಸ್ತಾಪಿಸಿ ಪ್ರಯೋಜನವಿಲ್ಲ.

ಹಳಬರಿಗೆ ನೆನಪಿರಬಹುದು. 1940ರ ದಶಕದಿಂದ ನಮ್ಮ ಕಾಫಿಯೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹೋಗುತ್ತಿತ್ತು. ಕಾಫಿ ಒಪ್ಪಿಸಿದಾಗ ಒಂದಿಷ್ಟು ಹಣ, ಆಮೇಲೆ ಮಾರಾಟವಾದಂತೆಲ್ಲ ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ ಉಳಿದದ್ದು. ನಮ್ಮ ತಂದೆಯವರ ಕಾಲದವರು ಈ ಕಂತುಗಳಿಗೆ ಕಾದು ಕಾದು ಬೋರ್ಡನ್ನು ಬೈಯದ ದಿನವಿರಲಿಲ್ಲ. 1992ರಿಂದ ಆ ವ್ಯವಸ್ಥೆ ಹಂತ ಹಂತವಾಗಿ ಸಡಿಲಗೊಂಡು 1996ರಲ್ಲಿ ಮಾರುಕಟ್ಟೆ ಪೂರ್ತಿ ಮುಕ್ತವಾಯಿತು. ಒಳ್ಳೆಯದೇ ಆಯಿತು, ಹಿಂದಿನ ಪದ್ಧತಿಯೇ ಬರಲಿ ಎಂದು ನಾವು ಹೇಳುತ್ತಿಲ್ಲ. ಆದರೆ ಆ ಕಂತುಗಳು ನಮಗರಿವಿಲ್ಲದೆಯೇ ಒಂದು ಉಪಕಾರ ಮಾಡುತ್ತಿದ್ದವು: ವರ್ಷದ ಹಣವನ್ನು ವರ್ಷಕ್ಕೆ ಹಂಚಿ ಕೊಡುತ್ತಿದ್ದವು. ಈಗ ಚೆರ್ರಿ ಮಾರಿದ ದಿನವೇ ಪೂರ್ತಿ ಹಣ ಕೈಗೆ. ಹಂಚುವ ಕೆಲಸ ನಮ್ಮದಾಯಿತು, ಅದನ್ನು ನಾವು ಕಲಿಯಲಿಲ್ಲ.

ನಮ್ಮ ಸ್ವಂತ ಉದಾಹರಣೆಯನ್ನೇ ಹೇಳಿಬಿಡುತ್ತೇವೆ. 1994ರಲ್ಲಿ ಬ್ರೆಜಿಲ್ ದೇಶದಲ್ಲಿ ಮಂಜು ಬಿದ್ದು ಕಾಫಿ ಗಿಡ ಸುಟ್ಟಾಗ ಇಲ್ಲಿ ಬೆಲೆ ಏರಿತು. ನಾವು ಪದವಿ ಮುಗಿಸಿ ತೋಟಕ್ಕೆ ಬಂದು ಮೂರು ವರ್ಷವಾಗಿತ್ತು. ಹಳೆಯ ಜೀಪು ಕೊಂಡೆವು, ಮನೆಗೆ ಎರಡು ಕೋಣೆ ಸೇರಿಸಿದೆವು, ಪೇಟೆಯ ಅಂಗಡಿಯಲ್ಲಿ ಲೆಕ್ಕದ ಪುಸ್ತಕ ತೆರೆದೆವು. ಇವು ಯಾವುವೂ ತಪ್ಪಲ್ಲ. ತಪ್ಪಾದದ್ದು ಏನೆಂದರೆ, ಜೀಪು ಬಂದ ಮೇಲೆ ಪೇಟೆಗೆ ಹೋಗುವುದು ವಾರಕ್ಕೊಂದು ಸಲವಿದ್ದದ್ದು ನಾಲ್ಕಾಯಿತು. ಅಂಗಡಿಯಲ್ಲಿ ಉದ್ರಿ ಸಿಗುತ್ತದೆಂದು ಬೆಲೆ ಕೇಳುವುದನ್ನೇ ಬಿಟ್ಟೆವು. 2001-02ರ ಹೊತ್ತಿಗೆ ಕಾಫಿ ಬೆಲೆ ಪಾತಾಳಕ್ಕಿಳಿಯಿತು. ಅದೇ ಆಚೀಚೆ ಅಡಿಕೆಯೂ ಕೈಬಿಟ್ಟಿತು. 2002ರ ದೀಪಾವಳಿಯ ಮಾರನೆಯ ದಿನ ಮನೆಯವರು ಒಂದು ನೋಟ್‌ಬುಕ್ ತಂದಿಟ್ಟು, "ಒಟ್ಟು ಎಷ್ಟು ಸಾಲ ಇದೆ, ಒಮ್ಮೆ ಬರೆದುಬಿಡಿ" ಎಂದರು. ಬಾಯಲ್ಲಿ ಕೇಳಿದ್ದರೆ ಮೂರು ಕಡೆ ಎನ್ನುತ್ತಿದ್ದೆವು. ಬರೆಯುತ್ತ ಹೋದಂತೆ ಹನ್ನೊಂದು ಕಡೆ ಇತ್ತು. ಅದರಲ್ಲಿ ಎರಡು ಸಾಲ, ಸಾಲವೆಂದು ನಮಗೆ ಹೊಳೆದೇ ಇರಲಿಲ್ಲ: ಒಂದು ಅಂಗಡಿಯ ಬಾಕಿ, ಇನ್ನೊಂದು ವರ್ತಕರಿಂದ ತೆಗೆದುಕೊಂಡ ಮುಂಗಡ.

ಆ ಹನ್ನೊಂದು ತೀರಲು ಆರು ವರ್ಷ ಹಿಡಿಯಿತು. ಆ ಆರು ವರ್ಷದಲ್ಲಿ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಅಡಿಗೆಮನೆಯ ಬಾಗಿಲಿನ ಪುಸ್ತಕ

ಮೊದಲನೆಯದು ಬರೆಯುವುದು. ನೂರು ಪುಟದ ಒಂದು ನೋಟ್‌ಬುಕ್ಕಿಗೆ ಪೆನ್ನು ಕಟ್ಟಿ ಅಡಿಗೆಮನೆಯ ಬಾಗಿಲಿಗೆ ತೂಗುಹಾಕಿ. ಜೇಬಿನಲ್ಲಿಟ್ಟರೆ ಅದು ಮಳೆಗಾಲದಲ್ಲಿ ನೆನೆಯುತ್ತದೆ, ಮೇಜಿನ ಡ್ರಾಯರಿನಲ್ಲಿಟ್ಟರೆ ಮರೆತುಹೋಗುತ್ತದೆ. ಎಡಪುಟದಲ್ಲಿ ಅಂದು ಕೈಬಿಟ್ಟು ಹೋದ ಹಣ, ಬಲಪುಟದಲ್ಲಿ ಇನ್ನೂ ಕೊಡಬೇಕಾದದ್ದು. ಎಡಪುಟವನ್ನು ಬಹಳ ಜನ ಬರೆಯುತ್ತಾರೆ. ಬಲಪುಟವನ್ನು ಬರೆಯುವವರು ಅಪರೂಪ. ಸಾಲ ಅಡಗಿರುವುದು ಅಲ್ಲಿ. ಅಂಗಡಿಯಲ್ಲಿ ಬರೆಸಿ ಬಂದ ಎಣ್ಣೆ, ಸ್ಪ್ರೇಯವನಿಗೆ ನಾಳೆ ಕೊಡುತ್ತೇನೆಂದ ಬಾಡಿಗೆ, ಬಟವಾಡೆಯಲ್ಲಿ ಉಳಿಸಿಕೊಂಡ ಕೂಲಿ, ಎಲ್ಲವೂ ಅಲ್ಲಿಗೆ ಬರಬೇಕು. ಈ ಪುಸ್ತಕವನ್ನು ಗಂಡಸರಿಗಿಂತ ಹೆಂಗಸರು ಚೆನ್ನಾಗಿ ಇಡುತ್ತಾರೆಂಬುದು ನಮ್ಮ ಅನುಭವ. ನಾವು "ಇತರೆ ಖರ್ಚು" ಎಂದು ಬರೆದು ಮುಗಿಸುವಲ್ಲಿ ಅವರು "ಹೋಟೆಲು, ಮೂರು ಜನ" ಎಂದು ಬರೆಯುತ್ತಾರೆ.

ಬರೆದ ಒಂದೇ ತಿಂಗಳಿಗೆ ಪೇಟೆಯ ಓಡಾಟ ಕಣ್ಣಿಗೆ ಹೊಡೆಯುತ್ತದೆ. ಒಂದು ಲೆಕ್ಕ ನೋಡಿ. ಬೈಕಿನ ಪೆಟ್ರೋಲು 80 ರೂಪಾಯಿ, ತಿಂಡಿ ಕಾಫಿ 70, ಇನ್ನೇನೋ ಕಂಡದ್ದು 50; ಒಂದು ಸಲ ಪೇಟೆಗೆ ಹೋಗಿಬರಲು 200 ರೂಪಾಯಿ ಎಂದಿಟ್ಟುಕೊಳ್ಳಿ. ವಾರಕ್ಕೆ ಮೂರು ಸಲವಾದರೆ 600. ವರ್ಷಕ್ಕೆ 31,200. ಇದು ಎಷ್ಟು ಮೂಟೆ ಚೆರ್ರಿ ಎಂದು ಅಂದಂದಿನ ಧಾರಣೆಯಲ್ಲಿ ನೀವೇ ಭಾಗಿಸಿ ನೋಡಿಕೊಳ್ಳಿ. ಸಾಮಾನಿನ ಪಟ್ಟಿ ಮಾಡಿ ಸಂತೆಯ ದಿನ ಒಂದೇ ಸಲ ಹೋಗಿಬಂದರೆ ಇದರಲ್ಲಿ 20,800 ಉಳಿಯುತ್ತದೆ. ಒಬ್ಬರಿಗೆ ಬೇಕಾದದ್ದನ್ನು ನೆರೆಯವರು ತರುವ ಪದ್ಧತಿ ಹಿಂದೆ ನಮ್ಮಲ್ಲಿ ಇತ್ತು. ಮನೆಮನೆಗೆ ಬೈಕು ಬಂದ ಮೇಲೆ ಕೇಳುವುದಕ್ಕೆ ಸಂಕೋಚ ಬಂದುಬಿಟ್ಟಿದೆ.

ಇನ್ನು ಕೆಲವನ್ನು ಹೆಸರಿಸಿದರೆ ಸಾಕು. ಒಳ್ಳೆಯ ಕಾಫಿಯನ್ನೆಲ್ಲ ಮಾರಿ ಮನೆಗೆ ಪೇಟೆಯ ಚಿಕೋರಿ ಬೆರೆಸಿದ ಪುಡಿ ತರುವುದು. ಸೊಪ್ಪು ತರಕಾರಿಯನ್ನೂ ಗಾಡಿಯವನಿಂದ ಕೊಳ್ಳುವುದು. ಮನೆಯ ಅಟ್ಟದಲ್ಲಿ ಅಡಿಕೆ ಇರುವಾಗ ಪ್ಯಾಕೆಟ್ಟು ಹರಿಯುವುದು. ಸಂಜೆಯ ಇನ್ನೊಂದು ಖರ್ಚಿನ ಬಗ್ಗೆ ನಾವು ಹೇಳಬೇಕಾಗಿಲ್ಲ. ಪುಸ್ತಕ ಬಾಗಿಲಲ್ಲಿ ತೂಗುತ್ತಿದ್ದರೆ ಅದೇ ಹೇಳುತ್ತದೆ.

ನಮಗೆ ನಾವೇ ಸಂಬಳ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಸಂಬಳದವರಿಗೆ ಸರಿ. ಅವರ ಹಾಸಿಗೆ ಪ್ರತಿ ತಿಂಗಳೂ ಅಷ್ಟೇ ಉದ್ದ. ನಮ್ಮ ಹಾಸಿಗೆ ಒಂದು ವರ್ಷ ಎರಡಾಳುದ್ದ, ಮರುವರ್ಷ ಮೊಳದುದ್ದ. ಜನವರಿಯಿಂದ ಏಪ್ರಿಲ್‌ವರೆಗೆ ಕಾಫಿ, ಅಡಿಕೆ, ಮೆಣಸು ಎಲ್ಲದರ ಹಣ. ಜೂನ್‌ನಿಂದ ನವೆಂಬರ್‌ವರೆಗೆ ಬರಿಯ ಖರ್ಚು. ಶಾಲೆಯ ಫೀಸು, ಬೋರ್ಡೋ ಸಿಂಪಡಣೆ, ಮಳೆಗಾಲದ ಜ್ವರ, ಹಬ್ಬಗಳ ಸಾಲು, ಗೊಬ್ಬರ, ಕೊಯ್ಲಿನ ಆಳುಗಳಿಗೆ ಮುಂಗಡ, ಎಲ್ಲವೂ ಈ ಆರು ತಿಂಗಳಲ್ಲೇ. ಸಂಘಕ್ಕೆ ಬರುವ ಚಿನ್ನದ ಸಾಲದ ಅರ್ಜಿಗಳೂ ಈ ತಿಂಗಳುಗಳಲ್ಲಿಯೇ ಹೆಚ್ಚು.

ಇದಕ್ಕೆ ನಾವು ಕಂಡುಕೊಂಡ ಉಪಾಯ ಹೊಸದೇನಲ್ಲ. ಫಸಲಿನ ಹಣ ಬಂದ ದಿನ ಪೇಟೆ ಸುತ್ತದೆ ನೇರವಾಗಿ ಸಂಘದ ಅಥವಾ ಬ್ಯಾಂಕಿನ ಉಳಿತಾಯ ಖಾತೆಗೆ ಹಾಕುವುದು. ಅದರಲ್ಲಿ ಮೊದಲು ವಾಯಿದೆಯ ಸಾಲ, ಎರಡನೆಯದಾಗಿ ಮುಂದಿನ ವರ್ಷದ ತೋಟದ ಖರ್ಚು, ಮೂರನೆಯದಾಗಿ ಮನೆಯ ಹನ್ನೆರಡು ತಿಂಗಳ ಖರ್ಚು, ಹೀಗೆ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳುವುದು. ಮನೆಗೆ ತಿಂಗಳಿಗೆ 18,000 ಬೇಕಾದರೆ ವರ್ಷಕ್ಕೆ 2,16,000. ಪ್ರತಿ ತಿಂಗಳ ಒಂದನೆಯ ತಾರೀಕು ಅಷ್ಟನ್ನೇ ತೆಗೆಯುವುದು. ಗುಮಾಸ್ತರಿಗೆ ಮಾಲೀಕರು ಸಂಬಳ ಕೊಟ್ಟಂತೆ ನಮಗೆ ನಾವೇ ಕೊಟ್ಟುಕೊಳ್ಳುವುದು. ಮೊದಲ ವರ್ಷ ಆಗಸ್ಟಿನಲ್ಲಿಯೇ ನಮ್ಮ ಖಾತೆ ಬರಿದಾಯಿತು, ಎರಡನೆಯ ವರ್ಷ ಅಕ್ಟೋಬರಿನಲ್ಲಿ. ಮೂರನೆಯ ವರ್ಷ ಹೊಸ ಫಸಲು ಬರುವವರೆಗೂ ಎಳೆಯಿತು. ಅಂದರೆ ಸಾಲ ಮಾಡದೆ ಒಂದು ಮಳೆಗಾಲ ಕಳೆಯಿತು.

ಬೆಲೆ ಬಂದ ವರ್ಷ ಇದರ ಮೇಲೆ ಮಿಕ್ಕಿದ್ದನ್ನು ಬೇರೆಯಾಗಿ ಠೇವಣಿ ಇಡಬೇಕು. ಬೆಲೆ ಬಿದ್ದ ವರ್ಷದ ಪಾಲು ಅದು, ನಮ್ಮದಲ್ಲ ಎಂದೇ ತಿಳಿಯಬೇಕು. 2014ರಲ್ಲಿ ಅಡಿಕೆಗೆ ದಿಢೀರನೆ ಏರಿದ ಧಾರಣೆ ಹಾಗೇ ನಿಲ್ಲುತ್ತದೆಂದು ನಂಬಿ ಕಾರಿನ ಸಾಲಕ್ಕೆ ಸಹಿ ಹಾಕಿದವರು ನಮ್ಮ ಸದಸ್ಯರಲ್ಲಿಯೇ ಇದ್ದಾರೆ. ಕಾರು ಕೊಂಡದ್ದಕ್ಕಿಂತ ಅವರನ್ನು ಕಾಡಿದ್ದು ತಿಂಗಳ ಕಂತು. ವರ್ಷಕ್ಕೊಮ್ಮೆ ಹಣ ಕಾಣುವವರು ತಿಂಗಳಿಗೊಮ್ಮೆ ಕಟ್ಟುವ ಕರಾರಿಗೆ ಒಪ್ಪುವುದು, ಒಂದು ಕೊಯ್ಲಿನ ತೋಟದಿಂದ ದಿನವೂ ಹಾಲು ಕರೆಯಲು ಹೊರಟಂತೆ. ಕಂತು ತಪ್ಪಿದಾಗಲೆಲ್ಲ ದಂಡ, ಚೆಕ್ಕು ಹಿಂತಿರುಗಿದರೆ ಅದಕ್ಕೆ ಬೇರೆ ದಂಡ. ಟ್ರಾಕ್ಟರಿನ ಸಾಲಕ್ಕೆ ಆರು ತಿಂಗಳ ಕಂತು ಇರುವಂತೆ ಬೇರೆ ಸಾಲಕ್ಕೂ ಫಸಲಿನ ಕಾಲಕ್ಕೆ ಹೊಂದುವ ಕಂತನ್ನು ಸಹಿ ಹಾಕುವ ಮೊದಲೇ ಕೇಳಬೇಕು. ಸಹಿ ಹಾಕಿದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಬಡ್ಡಿ ಇಲ್ಲದ ಮುಂಗಡ

ಈಗ ನಾವು ಮುಖ್ಯವೆಂದು ಭಾವಿಸುವ ವಿಷಯಕ್ಕೆ ಬರುತ್ತೇವೆ. ಮಳೆಗಾಲದ ನಡುವೆ ವರ್ತಕರು ಮನೆಗೇ ಬಂದು ಮುಂಗಡ ಕೊಡುತ್ತಾರೆ. ಬಡ್ಡಿ ಇಲ್ಲ, ಜಾಮೀನು ಇಲ್ಲ, "ಫಸಲು ನಮಗೇ ಹಾಕಿ, ಅಷ್ಟೆ" ಎನ್ನುತ್ತಾರೆ. ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಕಷ್ಟಕ್ಕೆ ಆಗುವವರು ಅವರೇ ಎಂಬುದೂ ಎಷ್ಟೋ ಮನೆಗಳಲ್ಲಿ ನಿಜ. ಆದರೆ ಲೆಕ್ಕ ಮಾಡಿ ನೋಡೋಣ.

ಆಗಸ್ಟಿನಲ್ಲಿ 40,000 ರೂಪಾಯಿ ಮುಂಗಡ ತೆಗೆದುಕೊಂಡಿರಿ. ಜನವರಿಯಲ್ಲಿ 10 ಕ್ವಿಂಟಲ್ ಅಡಿಕೆ ಅವರಿಗೇ ಹಾಕಿದಿರಿ. ಮಂಡಿಯ ಧಾರಣೆಗಿಂತ ಕ್ವಿಂಟಲಿಗೆ 500 ರೂಪಾಯಿ ಕಡಿಮೆ ಹಿಡಿದರು. ಮುಂಗಡ ತಿಂದ ಬಾಯಿಂದ ಜಗಳ ಬರುವುದಿಲ್ಲ, ನೀವು ಸುಮ್ಮನಾದಿರಿ. ಹೋದದ್ದು 5,000 ರೂಪಾಯಿ. 40,000ಕ್ಕೆ ಐದು ತಿಂಗಳಿಗೆ 5,000 ಎಂದರೆ ನೂರಕ್ಕೆ ಹನ್ನೆರಡೂವರೆ. ವರ್ಷದ ಲೆಕ್ಕದಲ್ಲಿ ನೂರಕ್ಕೆ 30. ಇದರ ಮೇಲೆ ತೇವವೆಂದು, ಮೂಟೆಯ ತೂಕವೆಂದು ಕಳೆಯುವುದು ಬೇರೆ. ಇನ್ನೂ ದೊಡ್ಡ ನಷ್ಟವೆಂದರೆ ಒಳ್ಳೆಯ ಧಾರಣೆಗೆ ಕಾಯುವ ಸ್ವಾತಂತ್ರ್ಯ ಹೋದದ್ದು. ಚೆನ್ನಾಗಿ ಒಣಗಿದ ಅಡಿಕೆಯೂ ಮೆಣಸೂ ಕೆಲವು ತಿಂಗಳು ಕೆಡದೆ ನಿಲ್ಲುತ್ತವೆ. ಮುಂಗಡ ತಿಂದ ಅಡಿಕೆಗೆ ನಿಲ್ಲುವ ಹಕ್ಕಿಲ್ಲ.

ಕೈಸಾಲದ ಲೆಕ್ಕ ಇದಕ್ಕಿಂತ ನೇರ. ನೂರಕ್ಕೆ ತಿಂಗಳಿಗೆ ಎರಡು ಎಂದರೆ ಕಿವಿಗೆ ಸಣ್ಣದಾಗಿ ಕೇಳುತ್ತದೆ, ವರ್ಷಕ್ಕೆ 24 ಆಗುತ್ತದೆ. ಮೂರು ಎಂದರೆ 36. ಬಡ್ಡಿ ಕಟ್ಟದೆ ಅಸಲಿಗೆ ಸೇರುತ್ತ ಹೋದರೆ ಎಷ್ಟು ವರ್ಷಕ್ಕೆ ಸಾಲ ಇಮ್ಮಡಿಯಾಗುತ್ತದೆಂದು ತಿಳಿಯಲು 72ನ್ನು ಬಡ್ಡಿಯ ದರದಿಂದ ಭಾಗಿಸಿ. 24ಕ್ಕೆ ಸುಮಾರು ಮೂರು ವರ್ಷ, 36ಕ್ಕೆ ಎರಡು ವರ್ಷ, 12ಕ್ಕೆ ಆರು ವರ್ಷ. ಅಡಿಕೆ ಸಸಿ ನೆಟ್ಟು ಫಸಲು ನೋಡುವ ಮೊದಲೇ ನೂರಕ್ಕೆ ಮೂರರ ಸಾಲ ಎರಡು ಸಲ ಇಮ್ಮಡಿಯಾಗಿರುತ್ತದೆ.

ಇದರ ಎದುರಿಗೆ ಸಹಕಾರ ಸಂಘಗಳ ಬೆಳೆಸಾಲವನ್ನು ಇಟ್ಟು ನೋಡಿ. 2023ರಲ್ಲಿ ರಾಜ್ಯ ಸರ್ಕಾರ ಬಡ್ಡಿಯಿಲ್ಲದ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಎಲ್ಲರಿಗೂ ಅಷ್ಟೂ ಸಿಗುತ್ತದೆಂದಲ್ಲ. ಜಮೀನು, ಬೆಳೆ, ಸಂಘದ ಶಕ್ತಿ ನೋಡಿ ಪತ್ತು ನಿಗದಿಯಾಗುತ್ತದೆ. ಈ ಸೌಲಭ್ಯದ ಜೀವ ಇರುವುದು ವಾಯಿದೆಯಲ್ಲಿ. ದಿನ ಮೀರಿದರೆ ಸೌಲಭ್ಯ ತಪ್ಪಿ ಬಡ್ಡಿ ಬೀಳುತ್ತದೆ. ಇದು ಗೊತ್ತಿದ್ದೂ ವಾಯಿದೆಯ ವಾರ ಕೆಲವರು ಮಾಡುವುದೇನು? ಮೂರು ದಿನಕ್ಕೆಂದು ಹೊರಗೆ ಕೈಸಾಲ ತಂದು ಸಂಘಕ್ಕೆ ಕಟ್ಟಿ, ಮತ್ತೆ ಸಾಲ ಎತ್ತಿ ಅವರಿಗೆ ಹಿಂದಿರುಗಿಸುವುದು. ಆ ಮೂರು ದಿನಕ್ಕೆ ನೂರಕ್ಕೆ ಒಂದು ರೂಪಾಯಿ ತೆತ್ತರೂ 3 ಲಕ್ಷಕ್ಕೆ 3,000 ಆಯಿತು. ಪುಸ್ತಕದಲ್ಲಿ ಸಾಲ ತೀರಿ ಹೊಸದಾಗಿದೆ. ಮನೆಯಲ್ಲಿ ಹಾಗೇ ಇದೆ. ಕಾರ್ಯದರ್ಶಿಯ ಕುರ್ಚಿಯಲ್ಲಿ ಕೂತು ನಾವು ಇದನ್ನು ಪ್ರತಿ ವರ್ಷ ನೋಡುತ್ತೇವೆ, ವಸೂಲಿಯ ಅಂಕಿ ಚೆನ್ನಾಗಿ ಕಾಣುತ್ತದೆಂದು ಸುಮ್ಮನಿದ್ದದ್ದೂ ಉಂಟು. ಅದು ನಮ್ಮ ತಪ್ಪು.

ಅನೇಕ ಸಾಲಗಳಿರುವಾಗ ಯಾವುದನ್ನು ಮೊದಲು ತೀರಿಸಬೇಕೆಂಬ ಪ್ರಶ್ನೆ ಬರುತ್ತದೆ. ಸಾಮಾನ್ಯವಾಗಿ ದಿನವೂ ಮುಖ ಕಾಣುವವರಿಗೆ ಮೊದಲು ಕೊಡುತ್ತೇವೆ, ಮರ್ಯಾದೆಯ ಪ್ರಶ್ನೆ. ಇಲ್ಲವೇ ಚಿಕ್ಕದೊಂದು ತೀರಲಿ ಎಂದು ಅದಕ್ಕೆ. ಲೆಕ್ಕದ ದಾರಿ ಬೇರೆ: ವಾಯಿದೆಯೊಳಗೆ ಬೆಳೆಸಾಲ ಕಟ್ಟಿ, ಉಳಿದ ಸಾಲಗಳಿಗೆ ಬಡ್ಡಿಯಷ್ಟನ್ನು ಮಾತ್ರ ಕೊಡುತ್ತ, ಕೈಗೆ ಬಂದ ಇನ್ನೊಂದೊಂದು ರೂಪಾಯಿಯನ್ನೂ ಎಲ್ಲಕ್ಕಿಂತ ದುಬಾರಿ ಸಾಲಕ್ಕೆ ಹಾಕುವುದು. ಅದು ತೀರಿದ ಮೇಲೆ ಅದರ ನಂತರದ ದುಬಾರಿಗೆ. ನಮ್ಮ ಹನ್ನೊಂದರಲ್ಲಿ ಮೊದಲ ಎರಡು ತೀರಲು ಮೂರು ವರ್ಷ ಬೇಕಾಯಿತು, ಉಳಿದ ಒಂಬತ್ತಕ್ಕೂ ಇನ್ನು ಮೂರೇ ವರ್ಷ. ಕಾಳುಮೆಣಸಿನ ಹಣವನ್ನು ಮನೆಗೆ ತರದೆ ಪೂರ್ತಿ ಇದಕ್ಕೇ ಬಿಟ್ಟೆವು. ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿ ತಾನೇ, ಇಲ್ಲವೆಂದುಕೊಂಡರೆ ಇಲ್ಲ.

ಕೈ ಬಿಗಿಯಬಾರದ ಜಾಗ

ಉಳಿತಾಯವೆಂದ ಕೂಡಲೇ ತೋಟದ ಖರ್ಚಿಗೆ ಕತ್ತರಿ ಹಾಕುವವರಿದ್ದಾರೆ. ಬೆಲೆ ಬಿದ್ದ ವರ್ಷ ನಾವು ಒಂದು ಸಿಂಪಡಣೆ ಉಳಿಸಿದೆವು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಇದರಲ್ಲಿ ಏನು ಮಹಾ ಉಳಿಯಿತೆಂದು ಈಗ ಅನ್ನಿಸುತ್ತದೆ. ಮಳೆ ಹಿಡಿಯುವ ಮೊದಲೊಮ್ಮೆ ಹೊಡೆಸಿ, ನಲವತ್ತು ನಲವತ್ತೈದು ದಿನ ಕಳೆದು ಹೊಡೆಸಬೇಕಾದ ಎರಡನೆಯದನ್ನು ಬಿಟ್ಟೆವು. ಆ ಜುಲೈ ಆಗಸ್ಟಿನಲ್ಲಿ ಕೊಳೆರೋಗ ಬಂದು ಮರದಡಿ ಹಸಿ ಕಾಯಿ ಹಾಸಿದಂತೆ ಬಿದ್ದಿತ್ತು. ಆಳಿನ ಕೂಲಿ ಉಳಿಯಿತೆಂದು ಬರೆದ ಪುಟದ ಎದುರಿಗೆ ಆ ನಷ್ಟವನ್ನು ಬರೆಯಲು ನಮ್ಮ ಪುಸ್ತಕದಲ್ಲಿ ಜಾಗವೇ ಇರಲಿಲ್ಲ.

ಅರೇಬಿಕಾದಲ್ಲಿ ಕಾಂಡಕೊರಕದ ವಿಷಯವೂ ಹೀಗೆಯೇ. ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್‌ನಲ್ಲಿ ದುಂಬಿ ಹೊರಬರುವ ಮೊದಲೇ ಗಿಡ ನೋಡಿ, ಕೊರಕ ಹಿಡಿದದ್ದನ್ನು ಕಿತ್ತು ಸುಡಿಸದಿದ್ದರೆ ಒಂದು ಗಿಡದ ಹುಳ ಸಾಲಿಗೆ ಹರಡುತ್ತದೆ. ಬಸಿಗಾಲುವೆ ಹೂಳೆತ್ತುವುದು, ಕಣದ ಟಾರ್ಪಾಲು, ಅಡಿಕೆ ಮತ್ತು ಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಯ ಕಂತು, ಇವುಗಳಲ್ಲಿಯೂ ಕೈ ಹಿಡಿಯಬಾರದು. ಕತ್ತರಿ ಹಾಕಲೇಬೇಕಾದರೆ ಗೊಬ್ಬರದ ಅಂದಾಜಿಗೆ ಹಾಕಿ. ಮಣ್ಣು ಪರೀಕ್ಷೆ ಮಾಡಿಸದೆ ಪಕ್ಕದವರು ಹಾಕಿದಷ್ಟನ್ನೇ ನಾವೂ ಹಾಕುವುದರಲ್ಲಿ ಎಷ್ಟು ದಂಡವಾಗುತ್ತದೆಂಬುದು ಪರೀಕ್ಷೆಯ ಚೀಟಿ ಕೈಗೆ ಬಂದಾಗ ತಿಳಿಯುತ್ತದೆ. ಅಡಿಕೆಯ ಹಾಳೆ, ಸೋಗೆ, ಸಿಪ್ಪೆಯನ್ನು ಬೆಂಕಿಗೆ ಹಾಕಿ ಆಮೇಲೆ ಗೊಬ್ಬರಕ್ಕೆ ಸಾಲ ಕೇಳುವುದನ್ನಂತೂ ಬಿಡಲೇಬೇಕು.

ಮೇಲೆ ಹೇಳಿದ ಸದಸ್ಯರಿಗೆ ನಾವು ಅಂದು ಚಿನ್ನದ ಸಾಲ ಕೊಟ್ಟೆವು, ಇಲ್ಲವೆನ್ನಲಿಲ್ಲ. ಗೊಬ್ಬರ ಹಾಕದೆ ಬಿಟ್ಟರೆ ಮುಂದಿನ ಫಸಲೂ ಹೋಗುತ್ತದೆ. ಆದರೆ ಅರ್ಜಿಯ ಜೊತೆಗೆ ಒಂದು ಹಾಳೆ ಕೊಟ್ಟು ಎಲ್ಲ ಸಾಲಗಳನ್ನೂ ಬರೆದು ತರಲು ಹೇಳಿದೆವು. ಮರುವಾರ ಗಂಡ ಹೆಂಡತಿ ಇಬ್ಬರೂ ಬಂದರು. ಅವರ ಅಕ್ಷರದಲ್ಲಿ ನಾಲ್ಕು ಸಾಲ, ಆಕೆಯ ಅಕ್ಷರದಲ್ಲಿ ಕೆಳಗೆ ಇನ್ನು ಮೂರು. ಆ ಮೂರನ್ನು ಅವರು ಅಲ್ಲಿಯೇ ಮೊದಲ ಸಲ ಓದಿದ್ದು. ಒಂದು ಸ್ತ್ರೀಶಕ್ತಿ ಗುಂಪಿನದು, ಒಂದು ಆಕೆಯ ತಮ್ಮನಿಂದ ತಂದದ್ದು, ಒಂದು ಬಟ್ಟೆ ಅಂಗಡಿಯದು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರೇ, "ಈ ಚಿಕ್ಕಮೊತ್ತದ್ದು ನೂರಕ್ಕೆ ಮೂರರದ್ದು, ಇದನ್ನು ಮೊದಲು ಮುಗಿಸುವ" ಎಂದರು. ಅದಕ್ಕೆ ಮೆಣಸಿನ ಹಣ ಸಾಕಾಗುತ್ತದೆಂದು ಮೂವರೂ ಕೂತು ಲೆಕ್ಕ ಹಾಕಿದೆವು.

ಇದೇ ರೀತಿಯ ಹಾಳೆ ಬೇಕಾದ ಸದಸ್ಯರು ಕಚೇರಿಯಲ್ಲಿ ಕೇಳಿ ಪಡೆಯಬಹುದು. ಪ್ರತಿ ತಿಂಗಳ ಎರಡನೆಯ ಸೋಮವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ನಾವು ಇದೇ ಕೆಲಸಕ್ಕೆ ಕುಳಿತಿರುತ್ತೇವೆ. ಹಾಳೆಯಲ್ಲಿ ಬರೆದದ್ದು ಆಡಳಿತ ಮಂಡಳಿಯ ಮುಂದೆ ಹೋಗುವುದಿಲ್ಲ, ಬಂದವರ ಜೊತೆಯಲ್ಲಿಯೇ ಹಿಂದಿರುಗುತ್ತದೆ. ಸಾಧ್ಯವಾದಷ್ಟೂ ಗಂಡ ಹೆಂಡತಿ ಇಬ್ಬರೂ ಬರಬೇಕು. ಬರುವಾಗ ಪಹಣಿ, ಅಂಗಡಿಯ ಪುಸ್ತಕ, ಬೇರೆ ಕಡೆ ಅಡವಿಟ್ಟ ಚಿನ್ನದ ಚೀಟಿಗಳನ್ನು ತರುವುದು. ಚೀಟಿಯಲ್ಲಿ ಬರೆದಿರುವ ವಾಯಿದೆಯ ದಿನಾಂಕವನ್ನು ಮನೆಯಿಂದ ಹೊರಡುವ ಮೊದಲೇ ಒಮ್ಮೆ ಓದಿ ನೋಡಿಕೊಳ್ಳಿ. ಎರಡನೆಯ ಸೋಮವಾರ ಅದಕ್ಕಿಂತ ತಡವಾಗಿದ್ದರೆ ಕಾಯದೆ ಮೊದಲೇ ಬನ್ನಿ.